ಸಣ್ಣ ಗಂಟು ಮತ್ತು ಫ್ಲಷ್‌ನ ನಿರೀಕ್ಷೆ: ಪೋಕರ್ ಲಕ್ಷಣಗ್ರಂಥಗಳಲ್ಲಿ ‘ಅರೆಹುಸಿ’ಯ ವಿಚಾರ

೧

ಚದುರಂಗ, ಬ್ರಿಜ್ ಮೊದಲಾದ ಆಟಗಳಿಗೆ ಇರುವಂತೆ ಪೋಕರ್ ಎಂಬ ಇಸ್ಪೀಟಿನ ಆಟಕ್ಕೂ ಇಂಗ್ಲಿಷ್ ಭಾಷೆಯಲ್ಲಿ ಲಕ್ಷಣಗ್ರಂಥಗಳ ಒಂದು ಪರಂಪರೆಯೇ ಬೆಳೆದುಬಂದಿದೆ. ಈ ಗ್ರಂಥಗಳು ಬಹುಮಟ್ಟಿಗೆ ಅಮೆರಿಕ ದೇಶದಲ್ಲಿ, ಅದರಲ್ಲಿಯೂ ಲಾಸ್ ವೇಗಾಸ್ ನಗರದ ಜೂಜುಕಟ್ಟೆಗಳ ಅನುಭವದಿಂದ ಹುಟ್ಟಿದವು. ಅವುಗಳನ್ನು ಸಾಹಿತ್ಯವೆಂದು ಪರಿಗಣಿಸಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ಆದರೆ ಅವು ಶಾಸ್ತ್ರವೆಂಬ ಹೆಸರನ್ನು ಬಯಸುವ ಗ್ರಂಥಗಳು. ಶಾಸ್ತ್ರವೆಂದಮೇಲೆ ಅದರ ಸೂತ್ರಗಳ ವ್ಯಾಪ್ತಿ ಎಷ್ಟು, ಅವು ಯಾವ ನೆಲದಲ್ಲಿ ನಿಂತು ಹೇಳಿದ ಮಾತುಗಳು ಎಂದು ಕೇಳುವ ಅಧಿಕಾರ ಓದುಗನಿಗೆ ಉಂಟು.

ಆ ಪರಂಪರೆಯ ಒಂದು ಚಿಕ್ಕ ಅಧಿಕರಣವನ್ನು ಮಾತ್ರ ನಾವಿಲ್ಲಿ ಎತ್ತಿಕೊಂಡಿದ್ದೇವೆ. ಪಂದ್ಯಾವಳಿಯೊಂದರಲ್ಲಿ ಆಡುತ್ತಿರುವ ಒಬ್ಬನ ಗಂಟು ಕರಗಿ ಕೆಲವೇ ಬಿಲ್ಲೆಗಳು ಉಳಿದಿವೆ. ಅವನ ಕೈಯ ಎರಡು ಎಲೆಗಳೂ, ಮೇಜಿನ ಮೇಲೆ ಬಿದ್ದ ಮೂರು ಎಲೆಗಳಲ್ಲಿ ಎರಡೂ ಒಂದೇ ಜಾತಿಗೆ ಸೇರಿವೆ. ಅದೇ ಜಾತಿಯ ಇನ್ನೊಂದು ಎಲೆ ಬಿದ್ದರೆ ಫ್ಲಷ್ ಪೂರ್ಣವಾಗುವುದು. ಬೀಳದಿದ್ದರೆ ಅವನ ಕೈ ಬರಿದು. ಉಳಿದುದೆಲ್ಲವನ್ನೂ ಅವನು ತಾನಾಗಿಯೇ ಮುಂದೊಡ್ಡಬೇಕೇ? ಎದುರಾಳಿ ಒಡ್ಡಿದ ಪಣವನ್ನು ಸರಿಗಟ್ಟಬೇಕೇ? ಅಥವಾ ಎಲೆಗಳನ್ನು ಎಸೆದು ಮುಂದಿನ ಹಂಚಿಕೆಗೆ ಕಾಯಬೇಕೇ?

ಈ ಪ್ರಶ್ನೆಗೆ ಆಟಗಾರರ ಬಾಯಲ್ಲಿ ಒಂದು ಸಂಖ್ಯೆಯೇ ಉತ್ತರವಾಗಿ ಸಂಚರಿಸುತ್ತದೆ: ಶೇಕಡಾ ೩೫. ಫ್ಲಷ್ ಪೂರ್ಣವಾಗುವ ಸಂಭವ ಅಷ್ಟು ಎಂಬುದು ಅದರ ಅರ್ಥ. ಸಂಖ್ಯೆ ಸರಿಯಾದದ್ದೇ. ಆದರೆ ಅದು ಎಲೆಗಳ ಧರ್ಮವನ್ನು ಹೇಳುತ್ತದೆಯೇ ಹೊರತು ಆಟಗಾರನ ಕರ್ತವ್ಯವನ್ನು ಹೇಳುವುದಿಲ್ಲ. ಕರ್ತವ್ಯವು ಇನ್ನೂ ಎರಡು ಅಂಶಗಳನ್ನು ಅವಲಂಬಿಸಿದೆ. ಎದುರಾಳಿ ಎಲೆ ಬಿಟ್ಟು ಹಿಂದೆ ಸರಿಯುವ ಸಂಭವ ಒಂದು. ಬಿಲ್ಲೆಗೂ ಬಹುಮಾನಕ್ಕೂ ಇರುವ ಸಂಬಂಧ ಮತ್ತೊಂದು. ಗಂಟು ಸಣ್ಣದಾದಾಗ ಈ ಮೂರೂ ಬೇರೆ ಬೇರೆ ದಿಕ್ಕಿಗೆ ಎಳೆಯುತ್ತವೆ. ಪ್ರಸಿದ್ಧ ಗ್ರಂಥಗಳಲ್ಲಿ ಒಂದೊಂದೂ ಇವುಗಳಲ್ಲಿ ಒಂದನ್ನೋ ಎರಡನ್ನೋ ಚೆನ್ನಾಗಿ ಕಂಡು ಮಿಕ್ಕುದನ್ನು ಬಿಟ್ಟಿದೆ ಎಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

೨

ಆಟದ ಪರಿಚಯವಿಲ್ಲದ ವಾಚಕರಿಗಾಗಿ ಕೆಲವು ಮಾತುಗಳು ಅವಶ್ಯ. ಇಂದು ಹೆಚ್ಚು ಪ್ರಚಾರದಲ್ಲಿರುವ ಪ್ರಭೇದ ಟೆಕ್ಸಾಸ್ ಹೋಲ್ಡೆಮ್. ಇದರಲ್ಲಿ ಪ್ರತಿಯೊಬ್ಬನಿಗೂ ಎರಡು ಗುಪ್ತವಾದ ಎಲೆಗಳು; ಎಲ್ಲರಿಗೂ ಸಾಧಾರಣವಾಗಿ ಮೇಜಿನ ಮೇಲೆ ಐದು ಬಹಿರಂಗ ಎಲೆಗಳು. ಬಹಿರಂಗ ಎಲೆಗಳಲ್ಲಿ ಮೊದಲು ಮೂರು ಒಟ್ಟಿಗೆ ಬೀಳುತ್ತವೆ. ಇದಕ್ಕೆ ಫ್ಲಾಪ್ ಎಂದು ಹೆಸರು. ಅನಂತರ ಬೀಳುವ ನಾಲ್ಕನೆಯದು ಟರ್ನ್, ಐದನೆಯದು ರಿವರ್. ಒಂದೊಂದು ಹಂತದಲ್ಲಿಯೂ ಪಣ ಒಡ್ಡುವ, ಏರಿಸುವ, ಸರಿಗಟ್ಟುವ ಅಥವಾ ಎಲೆ ಎಸೆಯುವ ಅವಕಾಶ ಇರುತ್ತದೆ. ಕೊನೆಗೆ ಏಳು ಎಲೆಗಳಲ್ಲಿ ಉತ್ತಮವಾದ ಐದನ್ನು ಆರಿಸಿ ಹೋಲಿಸುತ್ತಾರೆ. ಒಂದೇ ಜಾತಿಯ ಐದು ಎಲೆ ಸೇರಿದರೆ ಫ್ಲಷ್; ಅದು ಜೋಡಿ, ತ್ರಿಕ, ಸರಣಿಗಳಿಗಿಂತ ಮೇಲು. ಪ್ರತಿ ಹಂಚಿಕೆಯಲ್ಲಿಯೂ ಇಬ್ಬರು ಕಡ್ಡಾಯವಾಗಿ ಮೊದಲೇ ಇಡಬೇಕಾದ ಪಣಕ್ಕೆ ಬ್ಲೈಂಡ್ ಎನ್ನುವರು. ಕೈಯಲ್ಲಿರುವುದೆಲ್ಲವನ್ನೂ ಒಮ್ಮೆಗೇ ಒಡ್ಡುವುದನ್ನು ನಾವಿಲ್ಲಿ ಸರ್ವಪಣವೆಂದು ಕರೆಯುತ್ತೇವೆ.

ಪಂದ್ಯಾವಳಿಗೂ ಸಾಮಾನ್ಯವಾದ ಹಣದ ಆಟಕ್ಕೂ ಭೇದವುಂಟು. ಹಣದ ಆಟದಲ್ಲಿ ಒಂದೊಂದು ಬಿಲ್ಲೆಗೂ ನಿಶ್ಚಿತವಾದ ಬೆಲೆ ಇದೆ. ಸೋತವನು ಮತ್ತೆ ಬಿಲ್ಲೆ ಕೊಂಡು ಕೂರಬಹುದು. ಪಂದ್ಯಾವಳಿಯಲ್ಲಿ ಎಲ್ಲರೂ ಒಂದೇ ಪ್ರವೇಶಧನ ತೆತ್ತು ಸಮಾನವಾದ ಬಿಲ್ಲೆಗಳಿಂದ ಆರಂಭಿಸುತ್ತಾರೆ. ಬ್ಲೈಂಡ್‌ಗಳು ಕಾಲಕ್ರಮದಲ್ಲಿ ಏರುತ್ತ ಹೋಗುತ್ತವೆ. ಎಲ್ಲ ಬಿಲ್ಲೆಗಳನ್ನು ಕಳೆದುಕೊಂಡವನು ಹೊರಗೆ. ಬಹುಮಾನ ದೊರೆಯುವುದು ಕೊನೆಯವರೆಗೆ ಉಳಿದ ಕೆಲವರಿಗೆ, ಅವರು ನಿರ್ಗಮಿಸಿದ ಕ್ರಮಕ್ಕೆ ಅನುಸಾರವಾಗಿ. ೧೯೭೦ರಲ್ಲಿ ಲಾಸ್ ವೇಗಾಸಿನಲ್ಲಿ ಆರಂಭವಾದ ವರ್ಲ್ಡ್ ಸೀರೀಸ್ ಆಫ್ ಪೋಕರ್ ಎಂಬ ಕೂಟ ಈ ಪದ್ಧತಿಯನ್ನು ಲೋಕಪ್ರಸಿದ್ಧವಾಗಿ ಮಾಡಿತು.

ಇನ್ನು ಶೇಕಡಾ ೩೫ರ ಹುಟ್ಟು. ಆಟಗಾರನಿಗೆ ತನ್ನ ಎರಡು ಎಲೆ, ಫ್ಲಾಪಿನ ಮೂರು ಎಲೆ ಕಾಣುತ್ತವೆ, ಕಾಣದವು ೪೭. ಒಂದು ಜಾತಿಯ ೧೩ ಎಲೆಗಳಲ್ಲಿ ನಾಲ್ಕು ಕಂಡಿರುವುದರಿಂದ ಅವನಿಗೆ ಬೇಕಾದವು ೯. ಟರ್ನ್‌ನಲ್ಲಿ ಅಂಥ ಎಲೆ ಬೀಳದಿರುವ ಸಂಭವ ೪೭ರಲ್ಲಿ ೩೮. ರಿವರ್‌ನಲ್ಲಿಯೂ ಬೀಳದಿರುವ ಸಂಭವ ೪೬ರಲ್ಲಿ ೩೭. ಇವೆರಡನ್ನೂ ಗುಣಿಸಿದರೆ ಶೇಕಡಾ ೬೫, ಉಳಿದದ್ದು ೩೫. ಒಂದೇ ಎಲೆಯನ್ನು ನೋಡುವವನಿಗಾದರೆ ಸಂಭವ ಶೇಕಡಾ ೧೯ ಮಾತ್ರ. ಇವೆರಡರ ಅಂತರವನ್ನು ವಾಚಕರು ನೆನಪಿನಲ್ಲಿಟ್ಟಿರಬೇಕು. ಮುಂದಿನ ವಾದವೆಲ್ಲ ಇದನ್ನು ಆಧರಿಸಿದೆ.

ಎಣಿಕೆಗೂ ದ್ಯೂತಕ್ಕೂ ಇರುವ ನಂಟು ನಮ್ಮವರಿಗೆ ಹೊಸದಲ್ಲ. ಮಹಾಭಾರತದ ವನಪರ್ವದಲ್ಲಿ ಬರುವ, ಕನ್ನಡಿಗರಿಗೆ ಕನಕದಾಸರ ನಳಚರಿತ್ರೆಯಿಂದ ಪರಿಚಿತವಾದ ನಳನ ಕಥೆಯನ್ನು ಇಲ್ಲಿ ನೆನೆಯಬಹುದು. ಮಹಾಭಾರತದಲ್ಲಿ ಋತುಪರ್ಣನು ದಾರಿಯಲ್ಲಿ ಕಂಡ ತಾರೆಯ ಮರದ ಎಲೆಕಾಯಿಗಳ ಲೆಕ್ಕವನ್ನು ನೋಡಿದೊಡನೆಯೇ ಹೇಳುತ್ತಾನೆ. ನಳನು ಎಣಿಸಿ ಅದು ಸರಿಯೆಂದು ಕಾಣುತ್ತಾನೆ. ಗಮನಾರ್ಹವಾದ ಅಂಶವೆಂದರೆ, ಋತುಪರ್ಣನು ತನಗೆ ತಿಳಿದ ಎಣಿಕೆಯ ವಿದ್ಯೆಯನ್ನೂ ಅಕ್ಷಹೃದಯವನ್ನೂ ಎರಡಾಗಿ ಹೆಸರಿಸುತ್ತಾನೆ. ಎಣಿಸಬಲ್ಲವನೆಲ್ಲ ದಾಳದ ಹೃದಯವನ್ನು ಬಲ್ಲವನಲ್ಲ. ಶೇಕಡಾ ೩೫ ಎಂಬುದು ಎಣಿಕೆ. ಅಕ್ಷಹೃದಯದ ಸ್ಥಾನದಲ್ಲಿ ಪೋಕರ್ ಗ್ರಂಥಗಳು ಏನನ್ನು ಇಟ್ಟಿವೆಯೆಂಬುದನ್ನು ಈಗ ನೋಡೋಣ.

೩

ಪೋಕರಿನಲ್ಲಿ ಕೈ ಬರಿದಾಗಿದ್ದರೂ ಬಲವಿದ್ದಂತೆ ಪಣ ಏರಿಸುವುದಕ್ಕೆ ಬ್ಲಫ್ ಎನ್ನುವರು. ನಾವು ಅದನ್ನು ಹುಸಿಯೆಂದು ಕರೆಯೋಣ. ಹುಸಿಗೆ ಗಣಿತದ ಸ್ಥಾನವನ್ನು ಕಲ್ಪಿಸಿದ ಕೀರ್ತಿ ಜಾನ್ ಫಾನ್ ನಾಯ್ಮನ್ ಎಂಬ ಗಣಿತಜ್ಞನದು. ಅವನೂ ಆಸ್ಕರ್ ಮಾರ್ಗನ್‌ಸ್ಟರ್ನನೂ ಕೂಡಿ ೧೯೪೪ರಲ್ಲಿ ಪ್ರಕಟಿಸಿದ ಕ್ರೀಡಾಸಿದ್ಧಾಂತದ ಮಹಾಗ್ರಂಥದಲ್ಲಿ ಪೋಕರಿನ ಸರಳವಾದ ಮಾದರಿಯೊಂದರ ವಿಶ್ಲೇಷಣೆ ಇದೆ. ಹುಸಿಯಾಡುವುದು ಮನಶ್ಶಾಸ್ತ್ರದ ಚಮತ್ಕಾರವಲ್ಲ, ಉತ್ತಮವಾದ ಆಟಕ್ಕೆ ಅನಿವಾರ್ಯವಾದ ಅಂಗ, ಹುಸಿಗೆ ತಕ್ಕವು ಅತ್ಯಂತ ದುರ್ಬಲವಾದ ಕೈಗಳು ಎಂಬುದು ಅಲ್ಲಿಯ ನಿರ್ಣಯ. ಆದರೆ ಆ ಮಾದರಿಯಲ್ಲಿ ಕೈಯ ಬಲವು ಒಂದು ಸಂಖ್ಯೆಯಾಗಿ ಮೊದಲೇ ಸ್ಥಿರವಾಗಿದೆ. ಮುಂದೆ ಬೀಳಬೇಕಾದ ಎಲೆಗಳೇ ಇಲ್ಲ. ಈಗ ದುರ್ಬಲವಾಗಿದ್ದು ಮುಂದೆ ಪ್ರಬಲವಾಗಬಹುದಾದ ಕೈಗೆ ಅಲ್ಲಿ ಎಡೆಯಿಲ್ಲ. ಫ್ಲಷ್‌ನ ನಿರೀಕ್ಷೆಯಾದರೋ ಅಂಥ ಕೈ.

ಈ ಎಡೆಯನ್ನು ತುಂಬಿದವರು ಗಣಿತಜ್ಞರಲ್ಲ, ವೃತ್ತಿಯ ಆಟಗಾರರು. ೧೯೭೬ ಮತ್ತು ೧೯೭೭ರಲ್ಲಿ ವರ್ಲ್ಡ್ ಸೀರೀಸಿನ ಮುಖ್ಯ ಪಂದ್ಯವನ್ನು ಗೆದ್ದ ಡಾಯ್ಲ್ ಬ್ರನ್ಸನ್ ಆ ದಶಕದ ಕೊನೆಯಲ್ಲಿ ಹೊರತಂದ ‘ಸೂಪರ್/ಸಿಸ್ಟಮ್’ ಎಂಬ ಗ್ರಂಥದಲ್ಲಿ ಆಕ್ರಮಣಶೀಲವಾದ ಆಟವನ್ನು ಬೋಧಿಸಿದ. ನಿರೀಕ್ಷೆಯ ಕೈಯಿಂದ ದೊಡ್ಡ ಪಣ ಒಡ್ಡಿದವನಿಗೆ ಗೆಲುವಿಗೆ ಎರಡು ದಾರಿ: ಎದುರಾಳಿ ಹಿಂದೆ ಸರಿದರೆ ರಾಶಿ ಅವನದು, ಸರಿಯದಿದ್ದರೆ ಬೇಕಾದ ಎಲೆ ಬೀಳಬಹುದು. ಈ ತತ್ತ್ವಕ್ಕೆ ‘ಸೆಮಿ-ಬ್ಲಫ್’ ಎಂಬ ಹೆಸರನ್ನೂ ಲಕ್ಷಣವನ್ನೂ ಕೊಟ್ಟವನು ಡೇವಿಡ್ ಸ್ಕ್ಲಾನ್‌ಸ್ಕಿ. ಅವನ ‘ದಿ ಥಿಯರಿ ಆಫ್ ಪೋಕರ್’ ಗ್ರಂಥ ಈ ಹೆಸರಿನಿಂದ ೧೯೮೭ರಲ್ಲಿ ಪ್ರಕಟವಾಯಿತು. ಸೆಮಿ-ಬ್ಲಫ್ ಎಂಬುದನ್ನು ಕನ್ನಡದಲ್ಲಿ ಅರೆಹುಸಿ ಎನ್ನಬಹುದು. ಸದ್ಯಕ್ಕೆ ಅತ್ಯುತ್ತಮವಲ್ಲದ, ಆದರೆ ಅತ್ಯುತ್ತಮವಾಗುವ ಸಂಭವವುಳ್ಳ ಕೈಯಿಂದ ಒಡ್ಡಿದ ಪಣವೇ ಅರೆಹುಸಿ.

ಈ ಲಕ್ಷಣ ಸಮಂಜಸವಾಗಿದೆ. ಅದರ ಉಪಯೋಗವೂ ದೊಡ್ಡದು. ಆದರೆ ಲಕ್ಷಣವನ್ನು ಹೇಳಿದವರು ಯಾವ ನೆಲದಲ್ಲಿ ನಿಂತಿದ್ದರೆಂಬುದನ್ನು ಮರೆಯಲಾಗದು. ಬ್ರನ್ಸನ್ನನ ಬೋಧೆಗೆ ಹಿನ್ನೆಲೆಯಾಗಿರುವುದು ದೊಡ್ಡ ಗಂಟಿನ ಹಣದ ಆಟ; ಸೋತರೂ ಮತ್ತೆ ಕೂರುವ ಸಾಮರ್ಥ್ಯ ಅಲ್ಲಿ ಗೃಹೀತವಾಗಿದೆ. ಸ್ಕ್ಲಾನ್‌ಸ್ಕಿಯ ಉದಾಹರಣೆಗಳು ಬಹುಮಟ್ಟಿಗೆ ಪಣದ ಮೊತ್ತಕ್ಕೆ ಮಿತಿಯುಳ್ಳ ಆಟಗಳಿಂದ ಬಂದವು. ಅಂಥ ಆಟದಲ್ಲಿ ಅರೆಹುಸಿಗೆ ತೆರುವ ಬೆಲೆ ರಾಶಿಯ ಒಂದು ಸಣ್ಣ ಭಾಗ. ಎದುರಾಳಿ ಅಪರೂಪಕ್ಕೆ ಹಿಂದೆ ಸರಿದರೂ ಲಾಭ ಉಂಟು. ಸಣ್ಣ ಗಂಟಿನ ಪಂದ್ಯಾವಳಿಯ ಆಟಗಾರನು ಒಡ್ಡುವುದಾದರೋ ಒಂದೇ ಪಣ, ಸರ್ವಪಣ. ಅದಾದಮೇಲೆ ಅವನಿಗೆ ಮಾಡಲು ಬೇರೆ ಕೆಲಸವಿಲ್ಲ. ಹೀಗಿರಲು ಒಂದು ನೆಲದ ಸೂತ್ರವನ್ನು ಇನ್ನೊಂದು ನೆಲಕ್ಕೆ ಒಯ್ಯುವಾಗ ಮತ್ತೆ ಲೆಕ್ಕ ಹಾಕುವುದು ಆವಶ್ಯಕ.

೪

ಉದಾಹರಣೆಯೊಂದನ್ನು ತೆಗೆದುಕೊಳ್ಳೋಣ. ಬ್ಲೈಂಡ್‌ಗಳು ೧೦೦ ಮತ್ತು ೨೦೦. ನಮ್ಮ ಆಟಗಾರನಲ್ಲಿ ೨,೪೦೦ ಬಿಲ್ಲೆಗಳಿದ್ದು ಅವನು ದೊಡ್ಡ ಬ್ಲೈಂಡಿನ ಸ್ಥಾನದಲ್ಲಿದ್ದಾನೆ. ಅವನಿಗಿಂತ ಹೆಚ್ಚು ಬಿಲ್ಲೆಗಳಿರುವ ಎದುರಾಳಿ ೪೦೦ಕ್ಕೆ ಏರಿಸುತ್ತಾನೆ, ನಮ್ಮವನು ಸರಿಗಟ್ಟುತ್ತಾನೆ, ಸಣ್ಣ ಬ್ಲೈಂಡಿನವನು ೧೦೦ ಬಿಟ್ಟು ಹೊರಡುತ್ತಾನೆ. ರಾಶಿಯಲ್ಲಿ ಈಗ ೯೦೦. ನಮ್ಮವನಲ್ಲಿ ಉಳಿದದ್ದು ೨,೦೦೦. ಅವನ ಕೈಯಲ್ಲಿ ಹಾರ್ಟ್ಸ್ ಜಾತಿಯ, ನಮ್ಮ ಕಡೆಯ ಮಾತಿನಲ್ಲಿ ಆಟೀನಿನ, ಒಂಬತ್ತು ಎಂಟು. ಫ್ಲಾಪಿನಲ್ಲಿ ಬಿದ್ದವು ಆಟೀನಿನ ರಾಜ, ಆಟೀನಿನ ನಾಲ್ಕು, ಇಸ್ಪೀಟಿನ ಎರಡು.

ಮೊದಲನೆಯ ಸಂದರ್ಭ: ಎದುರಾಳಿಯೇ ಮುಂದಾಗಿ ೨,೦೦೦ ಒಡ್ಡುತ್ತಾನೆ. ಸರಿಗಟ್ಟಿದರೆ ರಾಶಿ ೪,೯೦೦ ಆಗುತ್ತದೆ. ಅದರ ಶೇಕಡಾ ೩೫ ಎಂದರೆ ೧,೭೧೫. ಎಲೆ ಎಸೆದಿದ್ದರೆ ಕೈಯಲ್ಲಿ ೨,೦೦೦ ಉಳಿಯುತ್ತಿತ್ತು. ಆದುದರಿಂದ ಸರಿಗಟ್ಟುವವನು ಸರಾಸರಿ ೨೮೫ ಬಿಲ್ಲೆಗಳನ್ನು ಕಳೆದುಕೊಳ್ಳುತ್ತಾನೆ. ಅವನಿಗೆ ಬೇಕಾದ ಸಂಭವ ಶೇಕಡಾ ೪೧, ಇರುವುದು ೩೫.

ಎರಡನೆಯ ಸಂದರ್ಭ: ನಮ್ಮವನೇ ಮೊದಲು ೨,೦೦೦ ಒಡ್ಡುತ್ತಾನೆ. ಎದುರಾಳಿ ಹಿಂದೆ ಸರಿದರೆ ಅವನಲ್ಲಿ ೨,೯೦೦ ಆಗುತ್ತದೆ; ಸರಿಗಟ್ಟಿದರೆ ಹಿಂದಿನಂತೆಯೇ ಸರಾಸರಿ ೧,೭೧೫. ಎದುರಾಳಿ ನೂರಕ್ಕೆ ೨೪ ಸಲ ಹಿಂದೆ ಸರಿದರೆ ಲಾಭನಷ್ಟಗಳು ಸಮವಾಗುತ್ತವೆ. ೪೦ ಸಲ ಸರಿದರೆ ಸರಾಸರಿ ಗಂಟು ೨,೧೮೯ ಆಗುತ್ತದೆ, ಅಂದರೆ ೧೮೯ರಷ್ಟು ಲಾಭ.

ಎರಡು ಸಂದರ್ಭಗಳಲ್ಲಿಯೂ ಎಲೆಗಳು ಅವೇ, ಗಂಟು ಅದೇ, ರಾಶಿ ಅದೇ, ಶೇಕಡಾ ೩೫ ಕೂಡ ಅದೇ. ಒಂದರಲ್ಲಿ ನಷ್ಟ, ಇನ್ನೊಂದರಲ್ಲಿ ಲಾಭ. ಭೇದವಿರುವುದು ಮೊದಲು ಕೈ ಚಾಚಿದವರು ಯಾರೆಂಬುದರಲ್ಲಿ. ಸ್ಕ್ಲಾನ್‌ಸ್ಕಿ ತನ್ನ ೨೦೦೨ರ ಪಂದ್ಯಾವಳಿಯ ಗ್ರಂಥದಲ್ಲಿ, ಇನ್ನೊಬ್ಬನು ಏರಿಸಿದ ಪಣವನ್ನು ಸರಿಗಟ್ಟುವುದಕ್ಕೆ ತಾನೇ ಮೊದಲು ಏರಿಸುವುದಕ್ಕಿಂತ ಉತ್ತಮವಾದ ಕೈ ಬೇಕೆಂಬ ‘ಅಂತರ’ದ ತತ್ತ್ವವನ್ನು ನಿರೂಪಿಸಿದ್ದಾನೆ. ಅಲ್ಲಿಯ ಪ್ರತಿಪಾದನೆ ಮುಖ್ಯವಾಗಿ ಮೊದಲ ಎರಡು ಎಲೆಗಳ ಹಂತವನ್ನು ಕುರಿತದ್ದು. ಅದು ಫ್ಲಷ್‌ನ ನಿರೀಕ್ಷೆಗೆ ಇನ್ನೂ ಹೆಚ್ಚಿನ ಬಲದಿಂದ ಅನ್ವಯಿಸುತ್ತದೆ. ಕಾರಣವಿಷ್ಟೆ: ನಿರೀಕ್ಷೆಯ ಕೈಗೆ ಎಲೆ ಬೀಳದಿದ್ದರೆ ತೋರಿಸಲು ಏನೂ ಇಲ್ಲವಾದುದರಿಂದ ಎದುರಾಳಿಯ ಹಿಂಜರಿಕೆಯಿಂದ ಅದು ಪಡೆಯುವ ಲಾಭ ಮಧ್ಯಮಬಲದ ಜೋಡಿ ಪಡೆಯುವುದಕ್ಕಿಂತ ಅಧಿಕ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಶೇಕಡಾ ೩೫ ಎಂಬುದು ಟರ್ನ್ ಮತ್ತು ರಿವರ್ ಎರಡನ್ನೂ ನೋಡಿಯೇ ತೀರುವವನ ಸಂಭವ. ಸಣ್ಣ ಸಣ್ಣ ಪಣಗಳನ್ನು ಸರಿಗಟ್ಟುತ್ತ ಹೋಗುವವನಿಗೆ ಒಂದೊಂದು ಎಲೆಗೂ ಬೇರೆ ಬೇರೆ ಬೆಲೆ. ಟರ್ನ್ ಕೈಕೊಟ್ಟರೆ ರಿವರ್ ನೋಡಲು ಮತ್ತೆ ತೆರಬೇಕು, ಇಲ್ಲವೇ ಎಲೆ ಎಸೆಯಬೇಕು. ಅಂಥವನ ಕೈಯಲ್ಲಿ ೩೫ರ ಬದಲು ೧೯ ಇರುತ್ತದೆ. ಸರ್ವಪಣ ಒಡ್ಡಿದವನನ್ನು ಮುಂದೆ ಯಾರೂ ಪಣದಿಂದ ಅಟ್ಟಲಾರರು. ಎರಡು ಎಲೆಗಳೂ ಅವನಿಗೆ ಸಲ್ಲುತ್ತವೆ. ದೊಡ್ಡ ಗಂಟಿನವನಿಗೆ ಸುಲಭವಾಗಿ ದೊರೆಯದ ಈ ಸೌಕರ್ಯ ಸಣ್ಣ ಗಂಟಿನವನಿಗೆ ಸಹಜವಾಗಿ ಬರುತ್ತದೆ. ಸಣ್ಣ ಗಂಟು ಕೇವಲ ದೈನ್ಯವಲ್ಲವೆಂಬ ಈ ಅಂಶಕ್ಕೆ ಜನಪ್ರಿಯ ಬೋಧೆಯಲ್ಲಿ ತಕ್ಕ ಪ್ರಾಶಸ್ತ್ಯ ಸಿಕ್ಕಿಲ್ಲ.

ಆದರೆ ೩೫ ಕೂಡ ಎಲ್ಲ ಕಾಲದಲ್ಲಿಯೂ ಸ್ಥಿರವಲ್ಲ. ಸರ್ವಪಣವನ್ನು ಸರಿಗಟ್ಟುವ ಎದುರಾಳಿ ಸಾಮಾನ್ಯನಲ್ಲ, ಬಲವುಳ್ಳವನೇ ಸರಿಗಟ್ಟುತ್ತಾನೆ. ಅವನಲ್ಲಿ ತ್ರಿಕ ಸಿದ್ಧವಾಗಿದ್ದರೆ ನಮ್ಮವನ ಸಂಭವ ಸುಮಾರು ೨೫ಕ್ಕೆ ಇಳಿಯುತ್ತದೆ. ಸರಿಗಟ್ಟುವವರೆಲ್ಲ ಅಂಥವರೇ ಆದ ಪಕ್ಷದಲ್ಲಿ, ಮೇಲಿನ ಉದಾಹರಣೆಯಲ್ಲಿ ೨೪ ಸಲ ಹಿಂದೆ ಸರಿದರೆ ಸಾಕಾಗುತ್ತಿದ್ದುದು ೪೬ ಸಲಕ್ಕೆ ಏರುತ್ತದೆ. ಇದಕ್ಕೆ ವಿರುದ್ಧವಾಗಿ, ಕೈಯ ಎರಡು ಎಲೆಗಳೂ ಮೇಜಿನ ಎಲೆಗಳಿಗಿಂತ ದೊಡ್ಡವಾಗಿದ್ದು ಎದುರಾಳಿಯಲ್ಲಿ ಒಂದು ಜೋಡಿ ಮಾತ್ರ ಇದ್ದರೆ, ಆ ದೊಡ್ಡ ಎಲೆಗಳ ಜೋಡಿಯೂ ಗೆಲುವಿಗೆ ಸಾಕು. ಆಗ ಬೇಕಾದ ಎಲೆಗಳು ೯ರ ಬದಲು ೧೫. ಅವುಗಳಲ್ಲಿ ಒಂದಾದರೂ ಬೀಳುವ ಸಂಭವ ಶೇಕಡಾ ೫೪. ಎಕ್ಕ ರಾಣಿಯ ಫ್ಲಷ್ ನಿರೀಕ್ಷೆಯನ್ನೂ ಒಂಬತ್ತು ಎಂಟರ ಫ್ಲಷ್ ನಿರೀಕ್ಷೆಯನ್ನೂ ಒಂದೇ ಹೆಸರಿನಿಂದ ಕರೆಯುವುದು ಅನುಕೂಲವೇ ಹೊರತು ವಿವೇಕವಲ್ಲ.

೫

‘ಸಣ್ಣ ಗಂಟು’ ಎಂದರೆ ಎಷ್ಟು ಸಣ್ಣದು? ಈ ಪ್ರಶ್ನೆಗೆ ವ್ಯವಸ್ಥಿತವಾದ ಉತ್ತರ ಕೊಟ್ಟ ಗ್ರಂಥ ಡಾನ್ ಹ್ಯಾರಿಂಗ್ಟನ್ ಮತ್ತು ಬಿಲ್ ರಾಬರ್ಟಿ ಅವರ ‘ಹ್ಯಾರಿಂಗ್ಟನ್ ಆನ್ ಹೋಲ್ಡೆಮ್’. ಹ್ಯಾರಿಂಗ್ಟನ್ ೧೯೯೫ರಲ್ಲಿ ವರ್ಲ್ಡ್ ಸೀರೀಸಿನ ಮುಖ್ಯ ಪಂದ್ಯವನ್ನು ಗೆದ್ದವನು. ಗ್ರಂಥದ ಮೂರು ಸಂಪುಟಗಳು ೨೦೦೪ರಿಂದ ೨೦೦೬ರ ಅವಧಿಯಲ್ಲಿ ಪ್ರಕಟವಾದವು. ಗಂಟನ್ನು ಒಂದು ಸುತ್ತಿನ ಕಡ್ಡಾಯ ಪಣಗಳ ಮೊತ್ತದಿಂದ ಭಾಗಿಸಿ ಬಂದ ಸಂಖ್ಯೆಗೆ, ಪಾಲ್ ಮ್ಯಾಗ್ರಿಯೆಲ್ ಎಂಬ ಆಟಗಾರನ ಹೆಸರಿನಿಂದ, ‘ಎಮ್’ ಎಂದು ಸಂಜ್ಞೆ ಕೊಟ್ಟಿದ್ದಾರೆ. ಎಮ್ ಇಪ್ಪತ್ತಕ್ಕಿಂತ ಹೆಚ್ಚಿದ್ದರೆ ಹಸಿರು ವಲಯ; ಹತ್ತರಿಂದ ಇಪ್ಪತ್ತರವರೆಗೆ ಹಳದಿ; ಆರರಿಂದ ಹತ್ತರವರೆಗೆ ಕಿತ್ತಳೆ; ಅದಕ್ಕೂ ಕೆಳಗೆ ಕೆಂಪು. ವಲಯ ಕೆಳಗಿಳಿದಂತೆ ಆಟಗಾರನ ಆಯ್ಕೆಗಳು ಕಡಮೆಯಾಗುತ್ತ, ಕೊನೆಗೆ ಸರ್ವಪಣವೊಂದೇ ಉಳಿಯುತ್ತದೆ. ನಮ್ಮ ಉದಾಹರಣೆಯ ಆಟಗಾರನ ಎಮ್ ಎಂಟು. ಅವನು ಕಿತ್ತಳೆಯ ವಲಯದವನು.

ಈ ವಿಭಜನೆಯ ಉಪಕಾರ ದೊಡ್ಡದು. ಗಂಟಿನ ಹಿರಿತನ ಕಿರಿತನಗಳು ಬ್ಲೈಂಡುಗಳ ಅಪೇಕ್ಷೆಯಿಂದ ಮಾತ್ರ ಅರ್ಥವಾಗುತ್ತವೆಂಬುದನ್ನು ಅದು ಸಾವಿರಾರು ಓದುಗರಿಗೆ ಕಲಿಸಿತು. ಆದರೆ ಫ್ಲಾಪ್ ಬಿದ್ದ ಮೇಲೆ ಎಮ್ ಸಾಕಾಗುವುದಿಲ್ಲವೆಂದು ನಮಗೆ ತೋರುತ್ತದೆ. ಆಗ ಗಂಟನ್ನು ಅಳೆಯಬೇಕಾದದ್ದು ಬ್ಲೈಂಡಿನಿಂದಲ್ಲ, ಮೇಜಿನ ಮೇಲಿರುವ ರಾಶಿಯಿಂದ. ಎಮ್ ಎಂಟೇ ಆಗಿರುವ ಇಬ್ಬರಲ್ಲಿ ಒಬ್ಬನ ಮುಂದೆ ರಾಶಿ ೯೦೦ ಇದ್ದು ಇನ್ನೊಬ್ಬನ ಮುಂದೆ ೨,೦೦೦ ಇದ್ದರೆ ಇಬ್ಬರ ಕರ್ತವ್ಯವೂ ಒಂದೇ ಆಗಲಾರದು. ಗಂಟಿಗೂ ರಾಶಿಗೂ ಇರುವ ಈ ಪ್ರಮಾಣಕ್ಕೆ ೨೦೦೭ರಲ್ಲಿ ಬಂದ ‘ಪ್ರೊಫೆಷನಲ್ ನೋ-ಲಿಮಿಟ್ ಹೋಲ್ಡೆಮ್’ ಎಂಬ ಗ್ರಂಥ ಪ್ರತ್ಯೇಕವಾದ ಹೆಸರು ಕೊಟ್ಟು ಪ್ರಾಶಸ್ತ್ಯ ತಂದಿತು. ಆದರೆ ಆ ಗ್ರಂಥ ಹಣದ ಆಟಕ್ಕಾಗಿ ಬರೆದದ್ದು.

ಈ ಪ್ರಮಾಣವನ್ನು ಹಿಡಿದು ನಮ್ಮ ಲೆಕ್ಕವನ್ನು ಸಾಮಾನ್ಯೀಕರಿಸಬಹುದು. ಸಂಭವವು ೩೫ ಎಂದಿಟ್ಟುಕೊಂಡರೆ, ಗಂಟು ರಾಶಿಯ ಆರರಲ್ಲಿ ಏಳು ಪಾಲನ್ನು, ಅಂದರೆ ರಾಶಿಗಿಂತ ಆರನೆಯ ಒಂದು ಪಾಲಷ್ಟು ಹೆಚ್ಚನ್ನು, ಮೀರದಿರುವಾಗ ಎದುರಾಳಿಯ ಸರ್ವಪಣವನ್ನು ಸರಿಗಟ್ಟುವುದೂ ನಷ್ಟವಲ್ಲ. ೯೦೦ರ ರಾಶಿಗೆ ಈ ಎಲ್ಲೆ ೧,೦೫೦. ಅದಕ್ಕಿಂತ ಮೇಲೆ ಹೋದಂತೆ ಎದುರಾಳಿಯ ಹಿಂಜರಿಕೆಯ ಸಹಾಯ ಬೇಕಾಗುತ್ತದೆ. ಗಂಟು ರಾಶಿಯ ಎರಡರಷ್ಟಿದ್ದರೆ ಅವನು ನೂರಕ್ಕೆ ೨೦ ಸಲ ಹಿಂದೆ ಸರಿಯಬೇಕು. ಮೂರರಷ್ಟಿದ್ದರೆ ಸುಮಾರು ೩೫. ಐದರಷ್ಟಿದ್ದರೆ ಸುಮಾರು ೫೩. ಗಂಟು ೧೦,೦೦೦ ಇದ್ದು ರಾಶಿ ೯೦೦ ಇದ್ದರೆ ೭೫ ಸಲ ಸರಿಯಬೇಕು. ಅಲ್ಲಿ ಸರ್ವಪಣ ಅವಿವೇಕ.

ಇದರಿಂದ ಮೂರು ಅವಸ್ಥೆಗಳು ಹೊರಪಡುತ್ತವೆ. ಗಂಟು ಅತ್ಯಲ್ಪವಾದಾಗ, ಉದಾಹರಣೆಗೆ ೯೦೦ರ ರಾಶಿಗೆ ೬೦೦ ಇದ್ದಾಗ, ಎದುರಾಳಿಯನ್ನು ಹೆದರಿಸುವ ಶಕ್ತಿ ಇಲ್ಲ. ೬೦೦ ತೆತ್ತು ೧,೫೦೦ ಗೆಲ್ಲಬಹುದಾದ ಅವನು ಎಲೆ ಬಿಡುವುದು ಅಪರೂಪ. ಆದರೆ ಬೆಲೆಯೂ ಅಗ್ಗವಾಗಿರುವುದರಿಂದ ಆಟ ತಾನಾಗಿ ನಡೆಯುತ್ತದೆ. ಗಂಟು ದೊಡ್ಡದಾದಾಗ ಬೇರೆ ಉಪಾಯಗಳಿವೆ. ನಡುವಣ ಅವಸ್ಥೆಯಲ್ಲಿ, ಗಂಟು ರಾಶಿಯ ಒಂದೂಕಾಲರಿಂದ ಮೂರರಷ್ಟು ಇರುವಲ್ಲಿ, ನಿರೀಕ್ಷೆಯ ಸಂಭವ ಒಂದರಿಂದಲೇ ಕೆಲಸ ಸಾಗದು, ಹೆದರಿಸುವ ಶಕ್ತಿ ಒಂದರಿಂದಲೂ ಸಾಗದು. ಎರಡೂ ಕೂಡಿ ಸಾಗುತ್ತದೆ. ಸ್ಕ್ಲಾನ್‌ಸ್ಕಿ ಹೆಸರಿಟ್ಟ ಅರೆಹುಸಿಗೆ ಪಂದ್ಯಾವಳಿಯಲ್ಲಿ ಯಥಾರ್ಥವಾದ ಮನೆ ಇದು.

೬

ಇಲ್ಲಿಯವರೆಗಿನ ಲೆಕ್ಕವೆಲ್ಲ ಬಿಲ್ಲೆಗಳದು. ಪಂದ್ಯಾವಳಿಯಲ್ಲಿ ಬಿಲ್ಲೆ ಹಣವಲ್ಲವೆಂಬ ಮಾತನ್ನು ಈಗ ಎತ್ತಿಕೊಳ್ಳಬೇಕು. ಡೇವಿಡ್ ಹಾರ್ವಿಲ್ ಎಂಬ ಸಂಖ್ಯಾಶಾಸ್ತ್ರಜ್ಞನು ೧೯೭೩ರಲ್ಲಿ, ಕುದುರೆ ಪಂದ್ಯದಂಥ ಸ್ಪರ್ಧೆಗಳಲ್ಲಿ ಎರಡನೆಯ ಮೂರನೆಯ ಸ್ಥಾನಗಳ ಸಂಭವವನ್ನು ಗೆಲುವಿನ ಸಂಭವದಿಂದ ಗಣಿಸುವ ಒಂದು ರೀತಿಯನ್ನು ಸೂಚಿಸಿದ. ಮೇಸನ್ ಮಾಲ್ಮತ್ ಎಂಬ ಗ್ರಂಥಕಾರನು ೧೯೮೭ರಲ್ಲಿ ಅಂಥದೇ ರೀತಿಯನ್ನು ಪೋಕರ್ ಪಂದ್ಯಾವಳಿಗೆ ತಂದ. ಪ್ರತಿಯೊಬ್ಬನ ಬಿಲ್ಲೆಗಳ ಪಾಲೇ ಅವನು ಪ್ರಥಮನಾಗುವ ಸಂಭವವೆಂದು ಹಿಡಿದು, ಮುಂದಿನ ಸ್ಥಾನಗಳನ್ನು ಅದೇ ಕ್ರಮದಲ್ಲಿ ಗಣಿಸಿ, ಬಿಲ್ಲೆಗಳಿಗೆ ಬಹುಮಾನದ ಬೆಲೆ ಕಟ್ಟುವುದೇ ಈ ರೀತಿ.

ನಾಲ್ವರು ಉಳಿದಿದ್ದಾರೆ, ಮೂವರಿಗೆ ಬಹುಮಾನ, ನೂರು ಪಾಲಿನಲ್ಲಿ ಪ್ರಥಮನಿಗೆ ೫೦, ದ್ವಿತೀಯನಿಗೆ ೩೦, ತೃತೀಯನಿಗೆ ೨೦ ಎಂದು ಭಾವಿಸೋಣ. ನಾಲ್ವರಲ್ಲಿಯೂ ಸಮಾನವಾದ ಬಿಲ್ಲೆಗಳಿದ್ದರೆ ಒಬ್ಬೊಬ್ಬನ ಬೆಲೆ ೨೫. ಒಬ್ಬನು ಸರ್ವಪಣದಲ್ಲಿ ಇನ್ನೊಬ್ಬನನ್ನು ಹೊರಹಾಕಿ ತನ್ನ ಬಿಲ್ಲೆಗಳನ್ನು ಇಮ್ಮಡಿ ಮಾಡಿಕೊಂಡರೆ ಅವನ ಬೆಲೆ ೫೦ ಆಗುವುದಿಲ್ಲ. ಸುಮಾರು ೩೮ ಆಗುತ್ತದೆ. ಸೋತರೆ ಸೊನ್ನೆ. ಆದುದರಿಂದ ಸರಿಗಟ್ಟುವವನಿಗೆ ಬಿಲ್ಲೆಗಳ ಲೆಕ್ಕದಲ್ಲಿ ೫೦ ಸಾಕಾಗುವಲ್ಲಿ ಬಹುಮಾನದ ಲೆಕ್ಕದಲ್ಲಿ ಶೇಕಡಾ ೬೫ರ ಸಂಭವ ಬೇಕು. ಮೂ೩೫ರ ನಿರೀಕ್ಷೆಯನ್ನು ಹಿಡಿದು ಅಲ್ಲಿ ಸರಿಗಟ್ಟುವುದು ದೊಡ್ಡ ತಪ್ಪು.

ಇದನ್ನು ಕಂಡು ಕೆಲವರು ಬಹುಮಾನದ ಹೊಸ್ತಿಲಲ್ಲಿ ಫ್ಲಷ್‌ನ ನಿರೀಕ್ಷೆಯನ್ನು ಮುಟ್ಟಲೇ ಬಾರದೆಂದು ಬೋಧಿಸುವುದುಂಟು. ಇದು ಅರ್ಧಸತ್ಯ. ೬೫ರ ಹೊರೆ ನಮ್ಮ ಆಟಗಾರನ ಮೇಲೆ ಮಾತ್ರವೇ ಬಿದ್ದಿಲ್ಲ. ಸಮಾನ ಗಂಟಿನ ಎದುರಾಳಿಯ ಮೇಲೂ ಬಿದ್ದಿದೆ. ನಮ್ಮವನು ಮೊದಲು ಕೈ ಚಾಚಿದರೆ ಸರಿಗಟ್ಟುವ ಕಷ್ಟ ಎದುರಾಳಿಯದಾಗುತ್ತದೆ. ಬೇರೆ ಸಮಯದಲ್ಲಿ ಸರಿಗಟ್ಟುತ್ತಿದ್ದ ಮಧ್ಯಮ ಜೋಡಿಗಳನ್ನು ಅವನು ಎಸೆಯಬೇಕಾಗುತ್ತದೆ. ಅಂದರೆ ಬಹುಮಾನದ ವ್ಯವಸ್ಥೆ ಮೊದಲು ಒಡ್ಡುವವನಿಗೂ ಸರಿಗಟ್ಟುವವನಿಗೂ ಇರುವ ಅಂತರವನ್ನು ಹಿಗ್ಗಿಸುತ್ತದೆ. ಆದರೆ ಎದುರಾಳಿ ದೊಡ್ಡ ಗಂಟಿನವನಾಗಿ ಸೋತರೂ ಉಳಿಯುವವನಾದರೆ, ಅಥವಾ ಲೆಕ್ಕವನ್ನೇ ಅರಿಯದೆ ಎಲ್ಲವನ್ನೂ ಸರಿಗಟ್ಟುವವನಾದರೆ, ಈ ಅನುಕೂಲ ಕರಗಿ ನಿರೀಕ್ಷೆಯ ಕೈ ಬರಿಯ ಹೊರೆಯಾಗುತ್ತದೆ.

ಈ ದೃಷ್ಟಿಯಿಂದ ನೋಡಿದರೆ ಪ್ರಸಿದ್ಧವಾದ ಒಂದು ದೃಷ್ಟಾಂತದ ಉಪಯೋಗವನ್ನು ಮರುಪರಿಶೀಲಿಸಬೇಕಾಗುತ್ತದೆ. ೨೦೦೩ರ ವರ್ಲ್ಡ್ ಸೀರೀಸಿನ ಮುಖ್ಯ ಪಂದ್ಯದ ಕೊನೆಯಲ್ಲಿ ಕ್ರಿಸ್ ಮನಿಮೇಕರ್ ಮತ್ತು ಸ್ಯಾಮ್ ಫರ್ಹಾ ಇಬ್ಬರೇ ಉಳಿದಿದ್ದರು. ಮನಿಮೇಕರ್ ಟರ್ನ್‌ನಲ್ಲಿ ಫ್ಲಷ್ ಮತ್ತು ಸರಣಿ ಎರಡರ ನಿರೀಕ್ಷೆಯನ್ನೂ ಹಿಡಿದು ಪಣ ಏರಿಸಿದ. ರಿವರ್‌ನಲ್ಲಿ ಎರಡೂ ಕೈಕೊಟ್ಟವು. ಆದರೂ ಸರ್ವಪಣ ಒಡ್ಡಿದ. ಒಂಬತ್ತರ ಜೋಡಿ ಹಿಡಿದಿದ್ದ ಫರ್ಹಾ ಎಲೆ ಬಿಟ್ಟ. ಅರೆಹುಸಿ ಪೂರ್ಣಹುಸಿಯಾಗಿ ಪರಿಣಮಿಸಿದ ಈ ಪ್ರಸಂಗವನ್ನು ಧೈರ್ಯದ ಮಾದರಿಯೆಂದು ಎಲ್ಲ ಆಟಗಾರರ ಮುಂದೆ ಇಡುವುದು ವಾಡಿಕೆ. ಆದರೆ ಇಬ್ಬರೇ ಉಳಿದಾಗ ದ್ವಿತೀಯ ಬಹುಮಾನ ಇಬ್ಬರಿಗೂ ನಿಶ್ಚಿತ. ಮಿಕ್ಕ ಅಂತರಕ್ಕಾಗಿ ಮಾತ್ರ ಆಟ. ಅಲ್ಲಿ ಬಿಲ್ಲೆಗೂ ಬಹುಮಾನಕ್ಕೂ ಇರುವ ಸಂಬಂಧ ನೇರವಾದದ್ದು. ಮೂರು ಬಹುಮಾನಗಳ ಹೊಸ್ತಿಲಲ್ಲಿ ನಾಲ್ಕನೆಯವನಾಗಿ ನಿಂತಿರುವ ಸಣ್ಣ ಗಂಟಿನವನಿಗೆ ಅದು ಮಾದರಿಯಾಗಲಾರದು.

೭

ಇತ್ತೀಚಿನ ಗಣಕಯಂತ್ರಗಳು ಈ ವಿವಾದವನ್ನೆಲ್ಲ ಮುಗಿಸಿಬಿಟ್ಟಿವೆಯೆಂಬ ಪೂರ್ವಪಕ್ಷವೊಂದು ಉಂಟು. ೨೦೧೭ರಲ್ಲಿ ಲಿಬ್ರಾಟಸ್, ೨೦೧೯ರಲ್ಲಿ ಪ್ಲುರಿಬಸ್ ಎಂಬ ಯಂತ್ರಕ್ರಮಗಳು ಶ್ರೇಷ್ಠ ಆಟಗಾರರನ್ನು ಸೋಲಿಸಿದವೆಂಬುದು ನಿಜ. ಆದರೆ ಆ ಪರೀಕ್ಷೆಗಳಲ್ಲಿ ಪ್ರತಿ ಹಂಚಿಕೆಯ ಆರಂಭದಲ್ಲಿಯೂ ಎಲ್ಲರ ಗಂಟನ್ನು ಮತ್ತೆ ಸಮಾನವಾಗಿ ತುಂಬಲಾಗುತ್ತಿತ್ತು. ಲಿಬ್ರಾಟಸ್ಸಿನ ಆಟದಲ್ಲಿ ದೊಡ್ಡ ಬ್ಲೈಂಡಿನ ೨೦೦ರಷ್ಟು, ಪ್ಲುರಿಬಸ್ಸಿನ ಆಟದಲ್ಲಿ ೧೦೦ರಷ್ಟು. ಅಲ್ಲಿ ಕರಗುವ ಗಂಟಿಲ್ಲ, ನಿರ್ಗಮನವಿಲ್ಲ, ಬಹುಮಾನದ ಮೆಟ್ಟಿಲುಗಳಿಲ್ಲ. ಬಹುಮಾನದ ಬೆಲೆಯನ್ನು ಸೇರಿಸಿ ಗಣಿಸುವ ತಂತ್ರಾಂಶಗಳು ಇಂದು ಬಳಕೆಯಲ್ಲಿವೆ. ಆದರೆ ಎದುರಾಳಿ ಯಾವ ಕೈಗಳನ್ನು ಹಿಡಿದಿರಬಹುದು, ಎಷ್ಟು ಸಲ ಹಿಂದೆ ಸರಿಯಬಹುದು ಎಂಬುದನ್ನು ಅವು ಒಂದು ಕಲ್ಪನೆಯಿಂದಲೇ ಆರಂಭಿಸುತ್ತವೆ. ಮೇಜಿನ ಆಚೆ ಕುಳಿತ ನಿರ್ದಿಷ್ಟ ವ್ಯಕ್ತಿಗೆ ಆ ಕಲ್ಪನೆ ಹೊಂದುತ್ತದೆಯೇ ಎಂಬ ನಿರ್ಣಯ ಮನುಷ್ಯನದೇ.

ಇನ್ನೊಂದು ಆಕ್ಷೇಪ ಸಾಮಾನ್ಯ ಆಟಗಾರನದು: ಲೆಕ್ಕದಂತೆ ನಡೆದರೂ ಸೋಲುವುದಾದರೆ ಲೆಕ್ಕದಿಂದೇನು ಫಲ? ನಮ್ಮ ಉದಾಹರಣೆಯಲ್ಲಿ ಎದುರಾಳಿ ನೂರಕ್ಕೆ ೪೦ ಸಲ ಹಿಂದೆ ಸರಿಯುವವನಾದರೆ ಸರ್ವಪಣ ಒಡ್ಡುವುದು ಬಿಲ್ಲೆಗಳ ದೃಷ್ಟಿಯಿಂದ ಸರಿಯಾದ ನಿರ್ಧಾರ. ಆದರೂ ನೂರಕ್ಕೆ ೩೯ ಸಲ ಆ ನಿರ್ಧಾರದ ಫಲ ಪಂದ್ಯಾವಳಿಯಿಂದ ನಿರ್ಗಮನ. ಹಾಗೆ ಹೊರಬಿದ್ದವನನ್ನು ಮೂರ್ಖನೆಂದೂ, ೨,೦೦೦ದ ಸರ್ವಪಣವನ್ನು ಸರಿಗಟ್ಟಿ ರಿವರ್‌ನಲ್ಲಿ ಫ್ಲಷ್ ಪಡೆದವನನ್ನು ಜಾಣನೆಂದೂ ನೋಡುಗರು ಕರೆಯುತ್ತಾರೆ. ಫಲದಿಂದ ಕರ್ಮವನ್ನು ಅಳೆಯುವ ಈ ಅಭ್ಯಾಸವನ್ನು ಬಿಡಿಸುವುದು ಇಂಥ ಗ್ರಂಥಗಳ ಮುಖ್ಯವಾದ ಕೆಲಸವಾಗಬೇಕಿತ್ತು. ಸೂತ್ರವನ್ನು ಅದರ ವ್ಯಾಪ್ತಿಯಿಂದ ಬಿಡಿಸಿ ಒಂದು ಸಂಖ್ಯೆಯಾಗಿ ಕೊಟ್ಟಾಗ ಅವು ಆ ಕೆಲಸದಲ್ಲಿ ಹಿಂದೆ ಬೀಳುತ್ತವೆ. ಸಂಖ್ಯೆಯನ್ನು ಕಂಠಪಾಠ ಮಾಡಿದ ಓದುಗನು ಸೋತಾಗ ಸಂಖ್ಯೆಯನ್ನೇ ದೂರುತ್ತಾನೆ, ಗೆದ್ದಾಗ ತನ್ನ ಎದೆಗಾರಿಕೆಯನ್ನು ಹೊಗಳಿಕೊಳ್ಳುತ್ತಾನೆ. ಪ್ರವೇಶಧನ ತೆತ್ತು ಕೂರುವವರಿಗೆ ಇದು ಕೇವಲ ತರ್ಕದ ದೋಷವಾಗಿ ಉಳಿಯುವುದಿಲ್ಲ. ಕೈಯ ಹಣವೂ ಅದರೊಂದಿಗೆ ಹೋಗುತ್ತದೆ. ಆಟವನ್ನು ಆಡಿರೆಂದು ಯಾರಿಗೂ ಹೇಳುವುದು ನಮ್ಮ ಉದ್ದೇಶವಲ್ಲವೆಂಬುದನ್ನು ಇಲ್ಲಿ ಸ್ಪಷ್ಟಪಡಿಸಬಹುದು.

ಮೇಲಿನ ವಿವೇಚನೆಯಿಂದ ಹೊರಪಡುವ ನಿರ್ಣಯವನ್ನು ಸಂಗ್ರಹಿಸಿ ಹೇಳುವುದಾದರೆ: ಸಣ್ಣ ಗಂಟಿನವನ ಫ್ಲಷ್ ನಿರೀಕ್ಷೆಗೆ ಶೇಕಡಾ ೩೫ ಪೂರ್ಣವಾಗಿ ಸಲ್ಲುವುದು ಅವನು ಎರಡು ಎಲೆಗಳನ್ನೂ ನೋಡುವಂತಿದ್ದಾಗ, ಅದು ಲಾಭವಾಗಿ ಪರಿಣಮಿಸುವುದು ಗಂಟು ರಾಶಿಗೆ ಹೋಲಿಸಿದಾಗ ಅತ್ಯಲ್ಪವಾಗಿದ್ದರೆ, ಇಲ್ಲವೇ ಎದುರಾಳಿಗೆ ಎಲೆ ಬಿಡಲು ಸಾಕಷ್ಟು ಕಾರಣವಿರುವಾಗ ತಾನೇ ಮೊದಲು ಒಡ್ಡಿದರೆ, ಬಹುಮಾನದ ಹೊಸ್ತಿಲಲ್ಲಿ ಸರಿಗಟ್ಟುವುದು ಇನ್ನೂ ದುಬಾರಿ, ಮೊದಲು ಒಡ್ಡುವುದು ಎದುರಾಳಿಯನ್ನು ನೋಡಿಕೊಂಡು ಮಾಡಬೇಕಾದ ಕೆಲಸ. ಫಾನ್ ನಾಯ್ಮನ್ ಹುಸಿಯನ್ನು ಕಂಡ, ಬ್ರನ್ಸನ್ನನೂ ಸ್ಕ್ಲಾನ್‌ಸ್ಕಿಯೂ ಅರೆಹುಸಿಯನ್ನು ಕಂಡರು, ಹ್ಯಾರಿಂಗ್ಟನ್ ಗಂಟನ್ನು ಅಳೆದ, ಮಾಲ್ಮತ್ ಬಿಲ್ಲೆಗೆ ಬೆಲೆ ಕಟ್ಟಿದ. ಈ ಗ್ರಂಥಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು, ಪ್ರತಿಯೊಂದರ ಸೂತ್ರಕ್ಕೂ ಅದರ ನೆಲವನ್ನು ಗುರುತಿಸಿಕೊಂಡು ಓದುವವನಿಗೆ ಅವು ಶಾಸ್ತ್ರವಾಗುತ್ತವೆ.